ಡಯಾಲಿಸಿಸ್ ಗ್ರಾಫ್ಟ್: ವೀನಸ್ ಪ್ರೆಶರ್ ಏರುತ್ತಾ ಹೋಗುತ್ತಿದ್ದರೆ ಕಾಯಬೇಕೇ, ಬಲೂನ್‌ಗೆ ಕಳಿಸಬೇಕೇ?

ಟೆಕ್ನಿಷಿಯನ್_ಹಾಸನ
ಎಡ ಮುಂದೋಳಿನಲ್ಲಿ ಲೂಪ್ ಗ್ರಾಫ್ಟ್ (ಡಯಾಲಿಸಿಸ್‌ಗೆಂದು ಆರ್ಟರಿಯಿಂದ ವೇನ್‌ಗೆ ಚರ್ಮದಡಿ ಜೋಡಿಸಿದ ಕೃತಕ ಕೊಳವೆ), 6 ಮಿ.ಮೀ. ಪಿಟಿಎಫ್‌ಇ (ಒಂದು ಬಗೆಯ ಪ್ಲಾಸ್ಟಿಕ್). ವಾರಕ್ಕೆ ಎರಡು ಡಯಾಲಿಸಿಸ್, 16 ಗೇಜ್ ಸೂಜಿ, ಪಂಪ್ ನಿಮಿಷಕ್ಕೆ 250 ಮಿ.ಲೀ. ಮೊದಲೆಲ್ಲ ವೀನಸ್ ಪ್ರೆಶರ್ (ಮೆಷಿನ್‌ನಿಂದ ರಕ್ತ ಕೈಗೆ ಮರಳುವ ಲೈನಿನ ಒತ್ತಡ) 110ರ ಆಸುಪಾಸು ಇರುತ್ತಿತ್ತು, ಈಗ ಸತತವಾಗಿ 160–170. ಸೂಜಿ ತೆಗೆದ ಮೇಲೆ ರಕ್ತ ನಿಲ್ಲಲು ಅರ್ಧ ಗಂಟೆ ಹಿಡಿಯುತ್ತಿದೆ. ಯೂರಿಯಾ ಮಾತ್ರ ಸರಿಯಾಗಿಯೇ ಇಳಿಯುತ್ತಿದೆ, ರಿಸರ್ಕ್ಯುಲೇಶನ್ (ಶುದ್ಧವಾದ ರಕ್ತವೇ ಮತ್ತೆ ಮೆಷಿನ್‌ಗೆ ಹೋಗುವುದು) ಕೂಡ ಇಲ್ಲ. ಡಯಾಲಿಸಿಸ್ ಚೆನ್ನಾಗಿ ಆಗುತ್ತಿರುವಾಗ ಗ್ರಾಫ್ಟ್ ಮುಟ್ಟುವುದು ಬೇಡ ಎನ್ನುವುದು ಒಂದು ಅಭಿಪ್ರಾಯ. ಬಲೂನ್‌ನಿಂದ ಒಳಗಿನಿಂದ ಹಿಗ್ಗಿಸಲು ಈಗಲೇ ಕಳಿಸಬೇಕು ಎನ್ನುವುದು ಇನ್ನೊಂದು. ತಿಳಿದವರು ಹೇಳಿ.

ಕಿಡ್ನಿಡಾಕ್ಟರ್
ಕಳಿಸಿ. ರಿಸರ್ಕ್ಯುಲೇಶನ್ ಇಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದು ಫಿಸ್ಟುಲಾಕ್ಕೆ (ಕೊಳವೆ ಇಲ್ಲದೆ ಸ್ವಂತ ವೇನ್ ಅನ್ನೇ ಆರ್ಟರಿಗೆ ಜೋಡಿಸಿದ್ದು) ಸರಿ, ಗ್ರಾಫ್ಟ್‌ಗೆ ಸಲ್ಲದು. ಕಾರಣ ಇಷ್ಟೇ. ನಾಳದಲ್ಲಿ ಹರಿಯುವ ರಕ್ತ ನಿಮ್ಮ ಪಂಪ್ ಎಳೆಯುವುದಕ್ಕಿಂತ ಕಡಿಮೆಯಾದಾಗ ಮಾತ್ರ ಶುದ್ಧವಾದ ರಕ್ತ ಹಿಂದಕ್ಕೆ ಬಂದು ಬೆರೆಯುತ್ತದೆ. ಸ್ವಂತ ವೇನ್‌ನ ಫಿಸ್ಟುಲಾ ನಿಮಿಷಕ್ಕೆ 300 ಮಿ.ಲೀ. ಹರಿವಿನಲ್ಲೂ ಮುಚ್ಚದೆ ಉಳಿಯಬಲ್ಲದು, ಹಾಗಾಗಿ ಅಲ್ಲಿ ರಿಸರ್ಕ್ಯುಲೇಶನ್ ಕಾಣಿಸಿಕೊಳ್ಳಲು ಸಮಯ ಸಿಗುತ್ತದೆ. ಗ್ರಾಫ್ಟ್‌ನಲ್ಲಿ ಹರಿವು 600ಕ್ಕಿಂತ ಕೆಳಗೆ ಬಂದರೇ ಹೆಪ್ಪುಗಟ್ಟುವ ಅಪಾಯ. ನಿಮ್ಮ ಪಂಪ್ ಇರುವುದು 250ರಲ್ಲಿ. ಅಂದರೆ ರಿಸರ್ಕ್ಯುಲೇಶನ್ ಶುರುವಾಗುವ ಹೊತ್ತಿಗೆ ಗ್ರಾಫ್ಟ್ ಮುಚ್ಚಿಯೇ ಹೋಗಿರುತ್ತದೆ. ಯೂರಿಯಾ ಲೆಕ್ಕವೂ ಹಾಗೆಯೇ, ಕೊನೆಯವರೆಗೂ ಚೆನ್ನಾಗಿಯೇ ತೋರಿಸುತ್ತದೆ.

ಏರುತ್ತಿರುವ ಪ್ರೆಶರ್ ಜೊತೆಗೆ ತಡವಾಗಿ ನಿಲ್ಲುವ ರಕ್ತ, ಎರಡೂ ಸೇರಿದರೆ ವೀನಸ್ ಸೂಜಿಯಿಂದ ಮುಂದೆ ಎಲ್ಲೋ ಕಿರಿದಾಗಿದೆ ಎಂದೇ ಹಿಡಿಯಬೇಕು. ಆದರೆ ಕಳಿಸುವ ಮುನ್ನ ಎರಡು ಸಂಗತಿ ಖಚಿತಮಾಡಿಕೊಳ್ಳಿ: ಸೂಜಿಯ ಗೇಜ್ ಈ ನಡುವೆ ಬದಲಾಗಿಲ್ಲ ತಾನೆ? ಸೂಜಿ ಅದಲುಬದಲಾಗಿಲ್ಲ ತಾನೆ?

ಡಯಾಲಿಸಿಸ್_ಸಿಸ್ಟರ್_ಮಂಗಳೂರು
ಡಾಕ್ಟ್ರು ಹೇಳಿದ ಎರಡನೆಯದು ಲೂಪ್ ಗ್ರಾಫ್ಟ್‌ನಲ್ಲಿ ಆಗಾಗ ಆಗುವಂಥದ್ದೇ. ಯು ಆಕಾರದಲ್ಲಿ ಯಾವ ಬದಿ ಆರ್ಟರಿಯದು, ಯಾವುದು ವೇನ್‌ನದು ಎನ್ನುವುದು ನೋಡಿದರೆ ಗೊತ್ತಾಗುವುದಿಲ್ಲ, ಸರ್ಜನ್‌ನಿಂದ ಸರ್ಜನ್‌ಗೆ ಬದಲಾಗುತ್ತದೆ. ಲೂಪಿನ ನಟ್ಟನಡುವೆ ಎರಡು ಬೆರಳಿಟ್ಟು ಪೂರ್ತಿ ಒತ್ತಿ. ಯಾವ ಬದಿಯಲ್ಲಿ ಬಡಿತ ಇನ್ನೂ ಜೋರಾಗುತ್ತದೋ ಅದು ಆರ್ಟರಿಯ ಬದಿ. ಇನ್ನೊಂದು ಬದಿಯಲ್ಲಿ ಸದ್ದಡಗುತ್ತದೆ. ಒತ್ತುವುದು ಎರಡು ಮೂರು ಸೆಕೆಂಡ್ ಸಾಕು. ತಿಳಿದ ಮೇಲೆ ಫೈಲಿನ ಮೊದಲ ಹಾಳೆಯಲ್ಲಿ ಬಾಣದ ಗುರುತು ಹಾಕಿ ಚಿತ್ರ ಬರೆದಿಡಿ, ಮುಂದಿನ ಪಾಳಿಯವರಿಗೆ ಗೊಂದಲ ಇರುವುದಿಲ್ಲ.

ಪ್ರೆಶರ್ ನೋಡುವ ಮೊದಲು ಕೈಯಿಂದ ನೋಡಿ. ಸರಿಯಾದ ಗ್ರಾಫ್ಟ್ ಮೆದುವಾಗಿ ಒತ್ತಿಸಿಕೊಳ್ಳುತ್ತದೆ, ಆರ್ಟರಿ ಜೋಡಣೆಯ ಹತ್ತಿರ ಥ್ರಿಲ್ ಎಡೆಬಿಡದೆ ಝುಮ್ಮೆನ್ನುತ್ತದೆ. ಮುಂದೆ ಕಿರಿದಾದಾಗ ಅದೇ ಗ್ರಾಫ್ಟ್ ಬಿರುಸಾಗಿ ಬೆರಳನ್ನು ಎತ್ತಿ ಎತ್ತಿ ಬಡಿಯುತ್ತದೆ. ಥ್ರಿಲ್ ಹೋಗಿ ಬಡಿತ ಬಂತು ಅಂದರೆ ಅದೇ ಸುಳಿವು. ಹಾಗೇ ಬೆರಳನ್ನು ಗ್ರಾಫ್ಟ್ ಮೇಲೆ ಮೆಲ್ಲಗೆ ಸರಿಸುತ್ತಾ ಮೊಣಕೈ ಕಡೆಗೆ ಹೋಗಿ. ಒಂದು ಜಾಗದಲ್ಲಿ ಬಡಿತ ತಟ್ಟನೆ ಕುಗ್ಗಿ, ಅಲ್ಲೇ ಸಣ್ಣದೊಂದು ಥ್ರಿಲ್ ಸಿಗುತ್ತದೆ. ಕಿರಿದಾಗಿರುವುದು ಅಲ್ಲಿ. ಸ್ಟೆತಾಸ್ಕೋಪ್ ಇಟ್ಟರೆ ತಗ್ಗಿನ ದನಿಯಲ್ಲಿ ನಿರಂತರವಾಗಿ ಕೇಳಬೇಕಾದ ಸದ್ದು ಕೀರಲಾಗಿ, ಎದೆ ಬಡಿತದ ಜೊತೆ ಮಾತ್ರ ಬಂದು ನಿಲ್ಲುತ್ತದೆ. ಇದಕ್ಕೆ ಒಂದು ನಿಮಿಷವೂ ಬೇಡ. ಪ್ರತಿ ಸಲ ಸೂಜಿ ಚುಚ್ಚುವ ಮುನ್ನ ಆಗಲೇಬೇಕು.

ಟೆಕ್ನಿಷಿಯನ್_ಹಾಸನ
ಧನ್ಯವಾದ ಸಿಸ್ಟರ್. ಸೂಜಿ ಸರಿಯಾದ ಬದಿಯಲ್ಲೇ ಇದೆ, ಗೇಜ್ ಕೂಡ ಅದೇ. ಮೊಣಕೈ ಮಡಿಕೆಯ ಹತ್ತಿರ ನೀವು ಹೇಳಿದಂತೆಯೇ ಬಡಿತ ಕುಗ್ಗುತ್ತಿದೆ. ಕೈ ಮೇಲೆತ್ತಿ ನೋಡುವ ಪರೀಕ್ಷೆ ಗ್ರಾಫ್ಟ್‌ಗೂ ಆಗುತ್ತದೆಯೇ?

ಡಯಾಲಿಸಿಸ್_ಸಿಸ್ಟರ್_ಮಂಗಳೂರು
ಇಲ್ಲ, ಅದು ಫಿಸ್ಟುಲಾಕ್ಕೆ ಮಾತ್ರ. ಕೈ ಎತ್ತಿದಾಗ ವೇನ್ ಬತ್ತಿಕೊಳ್ಳಬೇಕು. ಒಂದು ಭಾಗ ಉಬ್ಬಿಯೇ ಉಳಿದರೆ ಅದರ ಮುಂದೆ ತಡೆಯಿದೆ. ಪಿಟಿಎಫ್‌ಇ ಕೊಳವೆ ಗಟ್ಟಿ, ಹಾಗೆ ಬತ್ತುವುದಿಲ್ಲ.

ಕಿಡ್ನಿಡಾಕ್ಟರ್
ಸ್ಟಾಟಿಕ್ ಪ್ರೆಶರ್ (ಪಂಪ್ ನಿಲ್ಲಿಸಿದಾಗಿನ ಒತ್ತಡ) ಒಮ್ಮೆ ತೆಗೆಯಿರಿ. ಪಂಪ್ ಓಡುವಾಗಿನ ಪ್ರೆಶರ್‌ನಲ್ಲಿ ಸೂಜಿಯ ಪಾಲೇ ದೊಡ್ಡದು, ಆದ್ದರಿಂದ ಅದರಲ್ಲಿ ಒಂದು ಸಂಖ್ಯೆಗಿಂತ ಏರುತ್ತಿರುವ ಗತಿ ಮುಖ್ಯ. ಹಳೆಯ ಪದ್ಧತಿಯಲ್ಲಿ ಪಂಪ್ 200ಕ್ಕೆ ಇಳಿಸಿ, ಡಯಾಲಿಸಿಸ್ ಶುರುವಾದ ಮೊದಲ ಐದು ನಿಮಿಷದೊಳಗೆ ಓದಿ, ಸತತ ಮೂರು ಸಲ ಮಿತಿ ಮೀರಿದರೆ ತನಿಖೆ ಎನ್ನುತ್ತಿದ್ದರು. ಮಿತಿ ಮೆಷಿನ್‌ಗೂ ಸೂಜಿಗೂ ತಕ್ಕಂತೆ ಬದಲಾಗುತ್ತದೆ.

ಸ್ಟಾಟಿಕ್ ತೆಗೆಯುವುದು ಹೀಗೆ. ಅಲ್ಟ್ರಾಫಿಲ್ಟ್ರೇಶನ್ (ನೀರು ತೆಗೆಯುವುದು) ನಿಲ್ಲಿಸಿ, ಪಂಪ್ ನಿಲ್ಲಿಸಿ. ಡಯಲೈಸರ್ ಮತ್ತು ವೀನಸ್ ಡ್ರಿಪ್ ಚೇಂಬರ್ ನಡುವಿನ ಲೈನಿಗೆ ಕ್ಲ್ಯಾಂಪ್ ಹಾಕಿ. 30 ಸೆಕೆಂಡ್ ಕಾದು ವೀನಸ್ ಪ್ರೆಶರ್ ಓದಿ. ಚೇಂಬರ್ ಕೈಗಿಂತ ಎಷ್ಟು ಸೆಂ.ಮೀ. ಎತ್ತರದಲ್ಲಿದೆ ಅಳೆಯಿರಿ, ಪ್ರತಿ ಸೆಂ.ಮೀ.ಗೆ ಸುಮಾರು 0.75ರಂತೆ ಕೂಡಿಸಿ. ಬಂದದ್ದನ್ನು ಇನ್ನೊಂದು ಕೈಯ ಸರಾಸರಿ ಬಿ.ಪಿ.ಯಿಂದ ಭಾಗಿಸಿ. ಉದಾಹರಣೆಗೆ ಮೆಷಿನ್ 40 ತೋರಿಸಿತು, ಚೇಂಬರ್ 20 ಸೆಂ.ಮೀ. ಮೇಲಿದೆ, ಒಟ್ಟು 55. ಬಿ.ಪಿ. 130/80 ಇದ್ದರೆ ಸರಾಸರಿ 97. ಅನುಪಾತ 0.57. ಗ್ರಾಫ್ಟ್‌ನ ವೇನ್ ಬದಿಯಲ್ಲಿ ಇದು 0.5 ದಾಟಿ ಮತ್ತೆ ಮತ್ತೆ ಹಾಗೇ ಬಂದರೆ ಮುಂದೆ ಕಿರಿದಾಗಿರುವ ಸಾಧ್ಯತೆ ಬಲವಾಗಿದೆ.

ಒಂದು ಕುರುಡು ತಾಣ ಇದೆ: ಕಿರಿದಾಗಿರುವುದು ಎರಡು ಸೂಜಿಗಳ ನಡುವೆ ಇದ್ದರೆ ವೀನಸ್ ಪ್ರೆಶರ್ ಏರುವುದೇ ಇಲ್ಲ. ಆರ್ಟರಿ ಜೋಡಣೆಯಲ್ಲಿದ್ದರೆ ವೀನಸ್ ಪ್ರೆಶರ್ ಬದಲು ಪಂಪ್ ಮುಂಚಿನ ಪ್ರೆಶರ್ ಹೆಚ್ಚು ಹೆಚ್ಚು ಮೈನಸ್‌ಗೆ ಹೋಗುತ್ತದೆ, ಗ್ರಾಫ್ಟ್ ಮೆತ್ತಗೆ ಸಪ್ಪೆಯಾಗಿ ಸಿಗುತ್ತದೆ. ಹಾಗಾಗಿ ಪ್ರೆಶರ್ ಚಾರ್ಟ್ ಒಂದನ್ನೇ ನೆಚ್ಚಬೇಡಿ.

ರಕ್ತನಾಳ_ಸರ್ಜನ್_ಹುಬ್ಬಳ್ಳಿ
ಮೊಣಕೈ ಮಡಿಕೆ ಎಂದರೆ ವೇನ್ ಜೋಡಣೆಯ ಜಾಗ. ಗ್ರಾಫ್ಟ್ ಕೆಡುವುದು ಬಹುಪಾಲು ಅಲ್ಲೇ. ಗಟ್ಟಿ ಕೊಳವೆಯಿಂದ ಆರ್ಟರಿಯ ಒತ್ತಡದ ರಕ್ತ ತೆಳು ಗೋಡೆಯ ವೇನ್‌ಗೆ ನುಗ್ಗಿ ಸುಳಿಯಾಗಿ ತಿರುಗುತ್ತದೆ. ವೇನ್‌ನ ಒಳಪದರ ಆ ಹೊಡೆತಕ್ಕೆ ದಪ್ಪವಾಗುತ್ತಾ ಬರುತ್ತದೆ. ಸ್ನಾಯು ಜೀವಕೋಶಗಳು ಒಳಪದರಕ್ಕೆ ಬಂದು ಅಲ್ಲಿ ಬೆಳೆಯುತ್ತವೆ. ಇದು ಕೊಬ್ಬು ಕಟ್ಟುವುದಲ್ಲ, ಗಾಯದ ಕಲೆಯಂಥ ಅಂಗಾಂಶ. ಹೆಪ್ಪು ಕೊನೆಯಲ್ಲಿ ಬರುವುದು, ಅದಕ್ಕೂ ವಾರಗಟ್ಟಲೆ ಮುಂಚೆ ಈ ಕಿರಿದಾಗುವಿಕೆ ಇರುತ್ತದೆ. ಹೆಪ್ಪನ್ನು ಮಾತ್ರ ತೆಗೆದು ಕಿರಿದಾದ ಜಾಗ ಹಾಗೇ ಬಿಟ್ಟರೆ ಕೆಲವೇ ದಿನಗಳಲ್ಲಿ ಮತ್ತೆ ಮುಚ್ಚುತ್ತದೆ. 1963ರಲ್ಲಿ ಫೋಗಾರ್ಟಿ ಪರಿಚಯಿಸಿದ ಬಲೂನ್ ಕ್ಯಾಥೆಟರ್‌ನಿಂದ ಹೆಪ್ಪು ಎಳೆದು ತೆಗೆಯುವುದು ಸುಲಭ. ಕಷ್ಟ ಇರುವುದು ಮುಂದಿನ ಕೆಲಸದಲ್ಲಿ.

ಮಾತ್ರೆಯಿಂದ ಇದನ್ನು ತಡೆಯಬಹುದೇ ಎಂದು ಹಲವರು ಕೇಳುತ್ತಾರೆ. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಹೊಸ ಗ್ರಾಫ್ಟ್ ಹಾಕಿದವರಿಗೆ ಡೈಪಿರಿಡಮೋಲ್ ಮತ್ತು ಆಸ್ಪಿರಿನ್ ಸೇರಿಸಿ ಕೊಟ್ಟರು. ಒಂದು ವರ್ಷದ ಹೊತ್ತಿಗೆ ಯಾವ ರಿಪೇರಿಯೂ ಇಲ್ಲದೆ ತೆರೆದೇ ಇದ್ದ ಗ್ರಾಫ್ಟ್‌ಗಳು ಮಾತ್ರೆ ತಿಂದವರಲ್ಲಿ 28%, ತಿನ್ನದವರಲ್ಲಿ 23%. ಲಾಭ ಇಷ್ಟೇ. ಮಾತ್ರೆ ನುಂಗಿದರೂ ಮುಕ್ಕಾಲು ಪಾಲು ಗ್ರಾಫ್ಟ್‌ಗಳಿಗೆ ವರ್ಷದೊಳಗೆ ಏನಾದರೊಂದು ಬೇಕಾಗುತ್ತದೆ. ಗ್ರಾಫ್ಟ್ ಹಾಕುವ ಮುನ್ನವೇ ಮನೆಯವರಿಗೆ ಇದನ್ನು ಬಿಡಿಸಿ ಹೇಳಿದರೆ ಮುಂದೆ "ಆಪರೇಷನ್ ಸರಿಯಾಗಿಲ್ಲ" ಎಂಬ ಜಗಳ ಬರುವುದಿಲ್ಲ.

ಡಯಾಲಿಸಿಸ್_ದುಬೈ
ಇಲ್ಲಿನ ಸೆಂಟರ್‌ಗಳಲ್ಲಿ ಪ್ರತಿ ಗ್ರಾಫ್ಟ್‌ಗೂ ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಡೈಲ್ಯೂಶನ್‌ನಲ್ಲಿ ಹರಿವು ಅಳೆಯುತ್ತಾರೆ. 600ಕ್ಕಿಂತ ಕಡಿಮೆಯಾದರೆ ನೇರ ಬಲೂನ್. ನಮ್ಮ ಕಡೆಯೂ ತಿಂಗಳಿಗೊಂದು ಡಾಪ್ಲರ್ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ಕಡ್ಡಾಯ ಮಾಡಿದರೆ ಅರ್ಧ ಸಮಸ್ಯೆ ತೀರುತ್ತದಲ್ಲವೇ?

ಕಿಡ್ನಿಡಾಕ್ಟರ್
ಇದನ್ನು ನಾನು ಒಪ್ಪುವುದಿಲ್ಲ. ಹರಿವು ಅಳೆದು, ಕೈಗೆ ಏನೂ ಸಿಗದಿದ್ದರೂ ಮುಂಜಾಗ್ರತೆಗೆ ಬಲೂನ್ ಮಾಡಿದ ಅಧ್ಯಯನಗಳಲ್ಲಿ ಗ್ರಾಫ್ಟ್‌ಗಳ ಆಯುಷ್ಯ ಹೆಚ್ಚಿದ್ದು ಸ್ಪಷ್ಟವಾಗಿ ಕಂಡಿಲ್ಲ. ಅಮೆರಿಕದ ಕಿಡ್ನಿ ಸಂಸ್ಥೆಯ ಕೆಡಿಒಕ್ಯೂಐ 2019ರ ಮಾರ್ಗಸೂಚಿಯೂ ಪರೀಕ್ಷೆಯಲ್ಲಿ ಸುಳಿವಿಲ್ಲದೆ ಅಂಥ ಬಲೂನ್ ಬೇಡ ಎನ್ನುತ್ತದೆ. ಬಲೂನ್ ತಾನೇ ಒಳಪದರಕ್ಕೆ ಗಾಯ ಮಾಡುತ್ತದೆ, ಆ ಗಾಯ ಇನ್ನಷ್ಟು ದಪ್ಪವಾಗಿ ಬೆಳೆಯುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ಡಾಪ್ಲರ್‌ಗೆಂದು ಜಿಲ್ಲಾ ಕೇಂದ್ರಕ್ಕೆ ಪ್ರತಿ ತಿಂಗಳು ಓಡಾಡಿಸುವುದಕ್ಕಿಂತ, ಸಿಸ್ಟರ್ ಬರೆದ ಒಂದು ನಿಮಿಷದ ಪರೀಕ್ಷೆ ಪ್ರತಿ ಸಲ ತಪ್ಪದೆ ಆಗುವುದು ಮೇಲು. ಈ ಕೇಸಿನಲ್ಲಿ ಸುಳಿವು ಮೂರಿವೆ, ಆದ್ದರಿಂದ ಇಲ್ಲಿ ಡಾಪ್ಲರ್ ಕೂಡ ಬೇಕು, ಬಲೂನ್ ಕೂಡ ಬೇಕು.

ಡಯಾಲಿಸಿಸ್_ದುಬೈ
ಬಲೂನ್ ವಿಷಯ ಸರಿ ಡಾಕ್ಟ್ರೇ. ಆದರೆ ಪರೀಕ್ಷೆ ಮಾಡುವ ಕೈ ಪಳಗಿರಬೇಕು. ಪಾಳಿಗೊಬ್ಬರು ಹೊಸಬರು ಬರುವ ಯೂನಿಟ್‌ನಲ್ಲಿ ಒಂದು ಸಂಖ್ಯೆ ಕಣ್ಣೆದುರಿಗೆ ಇರುವುದು ಒಳ್ಳೆಯದು ಎನ್ನುವುದು ನನ್ನ ವಾದ.

ಕಿಡ್ನಿಡಾಕ್ಟರ್
ಅದಕ್ಕೆ ಸ್ಟಾಟಿಕ್ ಪ್ರೆಶರ್ ಅನುಪಾತ ಸಾಕು, ಖರ್ಚಿಲ್ಲ. ತಿಂಗಳಿಗೆ ಎರಡು ಸಲ ತೆಗೆದು ಬರೆಯಲಿ.

ಐಆರ್_ಬೆಂಗಳೂರು
ಬಲೂನ್ ಬಗ್ಗೆ ಸ್ವಲ್ಪ ವಿವರ. ಸುಳಿವುಗಳ ಜೊತೆ 50%ಗಿಂತ ಹೆಚ್ಚು ಕಿರಿದಾಗಿದ್ದರೆ ಚಿಕಿತ್ಸೆ. 6 ಮಿ.ಮೀ. ಗ್ರಾಫ್ಟ್‌ನ ವೇನ್ ಜೋಡಣೆಗೆ ಸಾಮಾನ್ಯವಾಗಿ 7 ಮಿ.ಮೀ. ಬಲೂನ್. ಹೃದಯದ ನಾಳಗಳಿಗಿಂತ ಈ ಕಲೆ ಬಹಳ ಗಟ್ಟಿ, 10–12 ಅಟ್ಮಾಸ್ಫಿಯರ್‌ಗೆ ಬಗ್ಗದೆ ಇರಬಹುದು. ಹೈ ಪ್ರೆಶರ್ ಬಲೂನ್‌ನಲ್ಲಿ 20ರಿಂದ 30ರವರೆಗೂ ಹೋಗಬೇಕಾಗುತ್ತದೆ. ಪರದೆಯಲ್ಲಿ ಬಲೂನಿನ ನಡು ಸೊಂಟದಂತೆ ಸಣ್ಣಗಿರುವುದು ಪೂರ್ತಿ ಮಾಯವಾಗುವವರೆಗೂ ಬಿಡಬಾರದು. ನಡು ಉಳಿದೇ ಇದ್ದರೆ ಕೆಲಸ ಅರ್ಧವಷ್ಟೇ. ಮುಗಿದ ಮೇಲೆ ಉಳಿದ ಕಿರಿದು 30%ಕ್ಕಿಂತ ಕಡಿಮೆ ಇರಬೇಕು, ಕೈಗೆ ಬಡಿತ ಹೋಗಿ ಥ್ರಿಲ್ ಮರಳಿರಬೇಕು.

ಒಂದೇ ಜಾಗ ಮೂರು ತಿಂಗಳೊಳಗೆ ಮತ್ತೆ ಮತ್ತೆ ಕಿರಿದಾದರೆ ಸ್ಟೆಂಟ್ ಗ್ರಾಫ್ಟ್ (ಪೊರೆ ಹೊದಿಸಿದ ಸ್ಟೆಂಟ್) ಯೋಚಿಸಬೇಕು. 2010ರ ಅಧ್ಯಯನದಲ್ಲಿ ವೇನ್ ಜೋಡಣೆಗೆ ಸ್ಟೆಂಟ್ ಗ್ರಾಫ್ಟ್ ಹಾಕಿದಾಗ ಆರು ತಿಂಗಳಿಗೆ 51% ತೆರೆದಿದ್ದವು, ಬರೀ ಬಲೂನ್‌ನಲ್ಲಿ 23%. ಬರಿಯ ಲೋಹದ ಸ್ಟೆಂಟ್ ಬೇಡ, ಜಾಲರಿಯ ಸಂದಿಯಿಂದ ಅಂಗಾಂಶ ಒಳಗೆ ಬೆಳೆಯುತ್ತದೆ. ಔಷಧ ಲೇಪಿಸಿದ ಬಲೂನ್ ಬಗ್ಗೆ 2020ರಲ್ಲಿ ಬಂದ ಒಳ್ಳೆಯ ಫಲಿತಾಂಶ ಫಿಸ್ಟುಲಾಗಳದ್ದು, ಅದನ್ನು ಹಾಗೇ ಗ್ರಾಫ್ಟ್‌ಗೆ ಅನ್ವಯಿಸಬೇಡಿ.

ಕಳಿಸುವಾಗ ಕುತ್ತಿಗೆಗೆ, ಹೆಗಲ ಕೆಳಗೆ ಹಿಂದೆ ಎಷ್ಟು ಕ್ಯಾಥೆಟರ್ ಹಾಕಿದ್ದರು, ಯಾವ ಬದಿ, ಪೇಸ್‌ಮೇಕರ್ ಇದೆಯೇ ಎಂದು ಬರೆದು ಕಳಿಸಿ. ಕೈ ಪೂರ್ತಿ ಊದಿದ್ದರೆ, ಎದೆಯ ಮೇಲೆ ಆ ಬದಿ ನೀಲಿ ವೇನ್‌ಗಳು ಎದ್ದಿದ್ದರೆ ತಡೆ ಮೊಣಕೈಯಲ್ಲಿ ಅಲ್ಲ, ಎದೆಯೊಳಗಿನ ದೊಡ್ಡ ವೇನ್‌ನಲ್ಲಿ. ಸಬ್‌ಕ್ಲೇವಿಯನ್‌ಗೆ ಹಾಕಿದ ಕ್ಯಾಥೆಟರ್ ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. ಹಾಗಾಗಿಯೇ ಕಿಡ್ನಿ ರೋಗಿಗಳಿಗೆ ಆ ಜಾಗ ಬೇಡ, ಮೊದಲ ಆಯ್ಕೆ ಬಲ ಕುತ್ತಿಗೆ. ಕಿಡ್ನಿ ತೊಂದರೆ ಇದೆ ಎಂದು ಗೊತ್ತಾದ ದಿನದಿಂದಲೇ ಡ್ರಿಪ್ ಹಾಕುವುದಾದರೆ ಅಂಗೈ ಹಿಂಭಾಗಕ್ಕೆ ಮಾತ್ರ ಹಾಕಿ, ಮುಂದೋಳಿನ ವೇನ್ ಮುಟ್ಟಬೇಡಿ. ವಾರ್ಡ್ ಸಿಬ್ಬಂದಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಮಂಡ್ಯದ_ಮಗಳು
ನಮ್ಮ ತಂದೆಯವರಿಗೂ ಗ್ರಾಫ್ಟ್ ಇದೆ, ಮೇಲ್ತೋಳಿನಲ್ಲಿ. ಸಕ್ಕರೆ ಕಾಯಿಲೆಯೂ ಇದೆ. ಎರಡು ಪ್ರಶ್ನೆ. ಝುಮ್ಮೆನ್ನುವುದು ಮನೆಯಲ್ಲಿರುವಾಗ ನಿಂತುಹೋದರೆ ಎಷ್ಟು ಹೊತ್ತು ಸಮಯ ಇರುತ್ತದೆ? ಡಯಾಲಿಸಿಸ್ ನಡೆಯುವಾಗ ಬೆರಳು ತಣ್ಣಗಾಗಿ ನೋಯುತ್ತದೆ ಎನ್ನುತ್ತಾರೆ, ಅದಕ್ಕೂ ಗ್ರಾಫ್ಟ್‌ಗೂ ಸಂಬಂಧ ಇದೆಯೇ?

ರಕ್ತನಾಳ_ಸರ್ಜನ್_ಹುಬ್ಬಳ್ಳಿ
ಮೊದಲನೆಯದಕ್ಕೆ: ಗೊತ್ತಾದ ಅದೇ ದಿನ ಡಯಾಲಿಸಿಸ್ ಯೂನಿಟ್‌ಗೆ ಫೋನ್ ಮಾಡಿ. ನಾಳಿನ ಪಾಳಿಯವರೆಗೆ ಕಾಯಬೇಡಿ. ಒಂದೆರಡು ದಿನದೊಳಗೆ ಹೆಪ್ಪು ತೆಗೆದರೆ ಕುತ್ತಿಗೆಗೆ ತಾತ್ಕಾಲಿಕ ಕ್ಯಾಥೆಟರ್ ಹಾಕುವುದು ತಪ್ಪಬಹುದು. ಗ್ರಾಫ್ಟ್ ತಿಕ್ಕಬೇಡಿ, ಬಿಸಿ ಕಾಯಿಸಬೇಡಿ. ಡಯಾಲಿಸಿಸ್ ತಡವಾಗುವ ಸಾಧ್ಯತೆ ಇರುವುದರಿಂದ ಆ ಹೊತ್ತಿನಲ್ಲಿ ಎಳನೀರು, ಬಾಳೆಹಣ್ಣು, ಹಣ್ಣಿನ ರಸ ಖಂಡಿತ ಬೇಡ, ಪೊಟ್ಯಾಸಿಯಂ ಏರಿದರೆ ಹೃದಯಕ್ಕೆ ಅಪಾಯ. ನೀರಿನ ಅಳತೆಯೂ ಬಿಗಿಯಾಗಿರಲಿ. ದಿನಕ್ಕೆರಡು ಸಲ, ಬೆಳಿಗ್ಗೆ ಎದ್ದಾಗ ಮತ್ತು ಮಲಗುವಾಗ, ಅವರೇ ಬೆರಳಿಟ್ಟು ನೋಡುವ ಅಭ್ಯಾಸ ಇರಲಿ. ಆ ಕೈಯಲ್ಲಿ ಬಿ.ಪಿ. ನೋಡಿಸಬಾರದು, ಆ ಕೈ ಮೇಲೆ ಮಲಗಬಾರದು, ಬಿಗಿ ಪಟ್ಟಿ ಗಂಟೆಗಟ್ಟಲೆ ಬಿಡಬಾರದು. ಡಯಾಲಿಸಿಸ್‌ನಲ್ಲಿ ಒಂದೇ ಸಲ ಹೆಚ್ಚು ನೀರು ತೆಗೆದು ಬಿ.ಪಿ. ಕುಸಿದ ರಾತ್ರಿಯೇ ಮುಚ್ಚುವ ಗ್ರಾಫ್ಟ್‌ಗಳೂ ಇವೆ.

ಎರಡನೆಯದು ನಿಜವಾಗಿ ಗಮನ ಕೊಡಬೇಕಾದದ್ದು. ಗ್ರಾಫ್ಟ್ ಸುಲಭದ ದಾರಿಯಾದ್ದರಿಂದ ಬೆರಳಿಗೆ ಹೋಗಬೇಕಾದ ರಕ್ತ ಅಲ್ಲಿಗೆ ಹರಿದುಹೋಗುತ್ತದೆ. ಸ್ಟೀಲ್ ಎನ್ನುವುದು ಇದಕ್ಕೇ. ಮೇಲ್ತೋಳಿನ ಗ್ರಾಫ್ಟ್, ಸಕ್ಕರೆ ಕಾಯಿಲೆ, ಎರಡೂ ಇದ್ದವರಿಗೆ ಹೆಚ್ಚು. ಬರೀ ತಣ್ಣಗಿದ್ದರೆ ಕೈಗವಸು ಹಾಕಿ ನೋಡಬಹುದು. ಡಯಾಲಿಸಿಸ್‌ನಲ್ಲಿ ನೋಯುತ್ತಿದೆ ಅಂದರೆ ಒಂದು ಹಂತ ಮುಂದೆ. ಸುಮ್ಮನಿದ್ದಾಗಲೂ ನೋವು, ಬೆರಳ ತುದಿ ಕಪ್ಪು, ಹುಣ್ಣು, ಹಿಡಿತ ಸಡಿಲ, ಇವುಗಳಲ್ಲಿ ಯಾವುದು ಕಂಡರೂ ತುರ್ತು. ಬೆರಳಿನ ಒತ್ತಡ ಅಳೆಸಿ. ಅದು ಇನ್ನೊಂದು ತೋಳಿನ ಬಿ.ಪಿ.ಯ 0.6ಕ್ಕಿಂತ ಕಡಿಮೆ ಇದ್ದು ಲಕ್ಷಣಗಳೂ ಇದ್ದರೆ ಸ್ಟೀಲ್ ಎಂದು ಹಿಡಿಯಬಹುದು. ಗ್ರಾಫ್ಟ್ ಒತ್ತಿದಾಗ ಬೆರಳಿಗೆ ಬಣ್ಣ ಮರಳಿ ನೋವು ಇಳಿದರೆ ಅದೂ ಒಂದು ಸಾಕ್ಷಿ. ಮೊದಲು ತೋಳಿನ ಆರ್ಟರಿಯಲ್ಲೇ ಎಲ್ಲಾದರೂ ತಡೆ ಇದೆಯೇ ನೋಡಬೇಕು. ಇಲ್ಲದಿದ್ದರೆ, ಹರಿವು ಅತಿಯಾಗಿದ್ದಾಗ ಗ್ರಾಫ್ಟ್ ಸುತ್ತ ಪಟ್ಟಿ ಕಟ್ಟಿ ತಗ್ಗಿಸುವುದು, ಹರಿವು ಸಾಧಾರಣವಿದ್ದಾಗ ಬೈಪಾಸ್ ಮಾಡಿ ಬೆರಳಿಗೆ ಬೇರೆ ದಾರಿ ಕೊಡುವುದು.

ಇದರ ಜೊತೆ ಗೊಂದಲವಾಗುವ ಇನ್ನೊಂದು ಇದೆ. ಆಪರೇಷನ್ ಆದ ಕೆಲವೇ ಗಂಟೆಗಳಲ್ಲಿ ಕೈ ತೀವ್ರವಾಗಿ ನೋಯುತ್ತದೆ, ಬೆರಳು ಎತ್ತಲಾಗುವುದಿಲ್ಲ, ಸ್ಪರ್ಶ ಹೋಗಿರುತ್ತದೆ, ಆದರೆ ಕೈ ಬೆಚ್ಚಗೇ ಇದ್ದು ನಾಡಿಯೂ ಸಿಗುತ್ತದೆ. ಅರಿವಳಿಕೆ ಇಳಿದಿಲ್ಲ ಎಂದುಕೊಂಡು ರಾತ್ರಿ ಕಳೆದರೆ ನರಗಳು ಶಾಶ್ವತವಾಗಿ ಹೋಗುತ್ತವೆ. ಅಲ್ಲಿ ಗ್ರಾಫ್ಟ್ ಉಳಿಸುವ ಮಾತೇ ಇಲ್ಲ, ಕೂಡಲೇ ಕಟ್ಟಿ ಮುಚ್ಚಬೇಕು.

ಡಯಾಲಿಸಿಸ್_ಸಿಸ್ಟರ್_ಮಂಗಳೂರು
ಸೂಜಿ ಜಾಗದ ಬಗ್ಗೆ ಯಾರೂ ಬರೆದಿಲ್ಲ, ಅದೂ ಸೇರಲಿ. ವೇನ್‌ನಲ್ಲಿ ಸೂಜಿಯ ತೂತು ಮಾಯುತ್ತದೆ, ಪಿಟಿಎಫ್‌ಇಯಲ್ಲಿ ಮಾಯುವುದಿಲ್ಲ. ಹೊರಗಿನ ಅಂಗಾಂಶ ತೂತಿಗೆ ಅಂಟಿ ಮುಚ್ಚುತ್ತದೆ, ಅಷ್ಟೇ. "ಇಲ್ಲಿ ನೋವಿಲ್ಲ, ಇಲ್ಲೇ ಚುಚ್ಚಿ" ಎಂದು ರೋಗಿಯೇ ಹೇಳಿದರೂ ಒಂದೇ ಜಾಗದಲ್ಲಿ ಚುಚ್ಚುತ್ತಾ ಹೋದರೆ ಗೋಡೆ ಚಿಂದಿಯಾಗಿ, ಅಲ್ಲಿ ಗುಳ್ಳೆ ಎದ್ದು ಚರ್ಮ ತೆಳುವಾಗುತ್ತದೆ. ಅದೇ ಸೂಡೋ ಅನ್ಯೂರಿಸಂ. ಗ್ರಾಫ್ಟ್‌ಗೆ ಬಟನ್‌ಹೋಲ್ ವಿಧಾನ (ಪ್ರತಿ ಸಲ ಅದೇ ತೂತಿಗೆ ಚುಚ್ಚುವುದು) ಬೇಡವೇ ಬೇಡ. ಪ್ರತಿ ಸಲ ಹಿಂದಿನ ಜಾಗದಿಂದ 1 ಸೆಂ.ಮೀ. ಸರಿಯಿರಿ. ಒಂದು ಬದಿಯಲ್ಲಿ ಚುಚ್ಚಬಹುದಾದ ಉದ್ದ 12 ಸೆಂ.ಮೀ. ಇದ್ದರೆ, ವಾರಕ್ಕೆರಡು ಡಯಾಲಿಸಿಸ್‌ನವರಿಗೆ ಅದೇ ಜಾಗಕ್ಕೆ ಮರಳಲು ಆರು ವಾರ ಸಿಗುತ್ತದೆ. ಜೋಡಣೆಯಿಂದ ಕನಿಷ್ಠ 3 ಸೆಂ.ಮೀ. ದೂರ, ಎರಡು ಸೂಜಿಯ ತುದಿಗಳ ನಡುವೆ 5 ಸೆಂ.ಮೀ. ಕೋನ ಸುಮಾರು 45 ಡಿಗ್ರಿ, ಫಿಸ್ಟುಲಾಕ್ಕಾದರೆ 25. ಚುಚ್ಚುವ ಮುನ್ನ ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್‌ನಿಂದ 30 ಸೆಕೆಂಡ್ ಉಜ್ಜಿ, ತಾನಾಗಿಯೇ ಆರಲು ಬಿಡಿ. ಪೋವಿಡೋನ್ ಅಯೋಡಿನ್ ಆದರೆ ಎರಡು ಮೂರು ನಿಮಿಷ ಬೇಕು, ಒರೆಸಿ ತೆಗೆದರೆ ಹಚ್ಚಿದ್ದೇ ವ್ಯರ್ಥ. ಸೂಜಿ ಪೂರ್ತಿ ಹೊರಬಂದ ಮೇಲೆಯೇ ಒತ್ತಬೇಕು, ಎರಡು ಬೆರಳಿಂದ 10 ನಿಮಿಷ, ಒತ್ತಿದಾಗಲೂ ಥ್ರಿಲ್ ಸಿಗುತ್ತಿರಬೇಕು.

ಮಂಡ್ಯದ ಮೇಡಂ, ನಿಮಗೂ ಒಂದು ಮಾತು. ಗ್ರಾಫ್ಟ್ ಮೇಲಿನ ಚರ್ಮ ಹೊಳೆಯುತ್ತಿದ್ದರೆ, ಒಣಗದ ಹಕ್ಕಳೆ ಇದ್ದರೆ, ಡಯಾಲಿಸಿಸ್ ಇಲ್ಲದ ದಿನ ಒಂದು ಹನಿ ರಕ್ತ ಒಸರಿದರೂ ಅಂದೇ ತೋರಿಸಿ. ಜೀವ ತೆಗೆಯುವ ರಕ್ತಸ್ರಾವಕ್ಕೂ ಮುಂಚೆ ಇಂಥ ಸಣ್ಣ ಒಸರು ಬರುವುದುಂಟು. ಮನೆಯಲ್ಲೇ ಚಿಮ್ಮಿದರೆ ಟವೆಲ್ ಸುತ್ತಬೇಡಿ, ಟವೆಲ್ ರಕ್ತ ಹೀರುತ್ತದೆಯೇ ಹೊರತು ತೂತು ಮುಚ್ಚುವುದಿಲ್ಲ. ಸಣ್ಣ ಬಟ್ಟೆ ಮಡಿಸಿಟ್ಟು ಹೆಬ್ಬೆರಳಿನಿಂದ ತೂತಿನ ಮೇಲೆಯೇ ಬಲವಾಗಿ ಒತ್ತಿ, ಮಲಗಿಸಿ ಕೈ ಎದೆಗಿಂತ ಮೇಲಕ್ಕೆತ್ತಿ, 108ಕ್ಕೆ ಬೇರೆಯವರಿಂದ ಫೋನ್ ಮಾಡಿಸಿ. ಮಧ್ಯೆ ಮಧ್ಯೆ ಬೆರಳು ತೆಗೆದು ನೋಡಬೇಡಿ.

ಮಂಡ್ಯದ_ಮಗಳು
ಬಹಳ ಉಪಕಾರ ಸಿಸ್ಟರ್, ಸರ್. ಇನ್ನೊಂದು. ಅವರ ಬಲಗೈಯಲ್ಲಿ ಹಳೆಯ ಗ್ರಾಫ್ಟ್ ಮುಚ್ಚಿಹೋಗಿದ್ದು ಹಾಗೇ ಇದೆ. ಈಚೆಗೆ ಆಗಾಗ ಸಣ್ಣ ಜ್ವರ ಬರುತ್ತಿದೆ, ಇಂಜೆಕ್ಷನ್ ಕೊಟ್ಟರೂ ಹಿಮೋಗ್ಲೋಬಿನ್ ಏರುತ್ತಿಲ್ಲ. ಅದನ್ನೂ ನೋಡಿಸಬೇಕೇ?

ಕಿಡ್ನಿಡಾಕ್ಟರ್
ಖಂಡಿತ. ಹರಿವಿಲ್ಲದ ಹಳೆಯ ಗ್ರಾಫ್ಟ್‌ನ ಹೆಪ್ಪಿನೊಳಗೆ ಸೋಂಕು ಮೇಲೆ ಕೆಂಪು, ಊತ ಏನೂ ಕಾಣಿಸದೆ ಅಡಗಿರಬಲ್ಲದು. ಬೇರೆ ಕಾರಣ ಸಿಗದ ಜ್ವರ, ಏರಿರುವ ಸಿಆರ್‌ಪಿ (ಉರಿಯೂತ ತೋರಿಸುವ ರಕ್ತ ಪರೀಕ್ಷೆ), ಎರಿತ್ರೊಪೊಯೆಟಿನ್‌ಗೆ (ಹಿಮೋಗ್ಲೋಬಿನ್ ಏರಿಸುವ ಇಂಜೆಕ್ಷನ್) ಬಗ್ಗದ ರಕ್ತಹೀನತೆ, ಈ ಮೂರೂ ಅದಕ್ಕೆ ಹೊಂದುತ್ತವೆ. ಆಂಟಿಬಯಾಟಿಕ್ ಶುರು ಮಾಡುವ ಮುನ್ನವೇ ಎರಡು ಸೆಟ್ ಬ್ಲಡ್ ಕಲ್ಚರ್ ತೆಗೆಸಿ. ಊರಿನ ಕ್ಲಿನಿಕ್‌ನಲ್ಲಿ ಮೊದಲೇ ಇಂಜೆಕ್ಷನ್ ಹಾಕಿಸಿಬಿಟ್ಟರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು. ಹೆಚ್ಚಾಗಿ ಸ್ಟಾಫಿಲೋಕಾಕಸ್ ಆರಿಯಸ್ ಇರುತ್ತದೆ, ಅದು ಹೃದಯದ ಕವಾಟಕ್ಕೂ ಬೆನ್ನುಮೂಳೆಗೂ ಹೋಗಿ ಕೂರುತ್ತದೆ. ಆದ್ದರಿಂದ ಕಲ್ಚರ್ ಪಾಸಿಟಿವ್ ಬಂದರೆ ಎಕೋ (ಹೃದಯದ ಸ್ಕ್ಯಾನ್) ಕೂಡ ಆಗಬೇಕು. ಈಗಿನ ಗ್ರಾಫ್ಟ್ ಮೇಲೆಯೂ ಕಣ್ಣಿರಲಿ, ರಕ್ತದಲ್ಲಿ ಸೋಂಕು ಇರುವವರೆಗೂ ಅದಕ್ಕೂ ಅಂಟುವ ಭಯ ಇದೆ.

ರಕ್ತನಾಳ_ಸರ್ಜನ್_ಹುಬ್ಬಳ್ಳಿ
ಸೋಂಕು ಖಚಿತವಾದರೆ ಹಳೆಯದನ್ನು ತೆಗೆಯಲೇಬೇಕು, ಔಷಧ ಕೊಳವೆಯ ಗೋಡೆಯೊಳಗೆ ಇಳಿಯುವುದಿಲ್ಲ. ಆರ್ಟರಿ ಜೋಡಣೆಗೆ ಸೋಂಕು ತಗಲಿಲ್ಲದಿದ್ದರೆ ಅಲ್ಲಿ ಕೆಲವು ಮಿ.ಮೀ. ತುಂಡು ಬಿಟ್ಟು ಉಳಿದದ್ದನ್ನು ತೆಗೆಯುತ್ತೇವೆ, ಆರ್ಟರಿಗೆ ಗಾಯವಾಗುವುದು ತಪ್ಪುತ್ತದೆ. ಜೋಡಣೆಗೂ ತಗಲಿದ್ದರೆ ಪೂರ್ತಿ ತೆಗೆದು ಆರ್ಟರಿಗೆ ವೇನ್‌ನ ತೇಪೆ ಹಾಕಬೇಕು. ಬರುವಾಗ ಆ ಗ್ರಾಫ್ಟ್ ಹಾಕಿದಾಗಿನ ಆಪರೇಷನ್ ನೋಟ್ಸ್ ತನ್ನಿ, ಜೋಡಣೆ ಯಾವ ಮಟ್ಟದಲ್ಲಿದೆ ಎನ್ನುವುದು ಅದರಲ್ಲಿರುತ್ತದೆ.

ಟೆಕ್ನಿಷಿಯನ್_ಹಾಸನ
ಸ್ಟಾಟಿಕ್ ತೆಗೆದೆವು, ಎರಡು ಸಲವೂ 0.6ರ ಮೇಲೆ. ಕ್ಯಾಥೆಟರ್ ವಿವರ, ಪ್ರೆಶರ್ ಚಾರ್ಟ್, ಲೂಪಿನ ಚಿತ್ರ ಸೇರಿಸಿ ಬಲೂನ್‌ಗೆ ಬರೆದು ಕಳಿಸಿದ್ದಾರೆ. ಬಲೂನ್ ಆದ ಮೇಲೆ ಯಾವಾಗ ಚುಚ್ಚಬಹುದು?

ಐಆರ್_ಬೆಂಗಳೂರು
ಅದೇ ದಿನ ಚುಚ್ಚಬಹುದು. ನಾವು ಶೀತ್ (ಬಲೂನ್ ಒಳಬಿಡುವ ಕೊಳವೆ) ಹಾಕಿ ಹೊಲಿಗೆ ಬಿಟ್ಟ ಜಾಗದಿಂದ ದೂರ ಇರಿ, ಹೊಲಿಗೆಯನ್ನು ಎಂದು ಬಿಚ್ಚಬೇಕೆಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುತ್ತೇವೆ. ಮೊದಲ ಡಯಾಲಿಸಿಸ್‌ನಲ್ಲೇ ಪಂಪ್ 200ರಲ್ಲಿ ಪ್ರೆಶರ್, ಸ್ಟಾಟಿಕ್ ಅನುಪಾತ ಎರಡನ್ನೂ ಬರೆದಿಟ್ಟುಕೊಳ್ಳಿ. ಮುಂದಿನ ಏರಿಕೆಯನ್ನು ಹೋಲಿಸಬೇಕಾದದ್ದು ಆ ಸಂಖ್ಯೆಗೆ, ಹಳೆಯ 110ಕ್ಕಲ್ಲ.